ಕೊಡದ ಮೇಲಿನ ಹೆಸರು, ಪಟ್ಟಿಯೊಳಗಿನ ಅತ್ತೆ

ನಿಮ್ಮ ಮನೆಯ ಹಿರಿಯ ಹೆಂಗಸರ ಹೆಸರು ನಿಮಗೆ ಮೊದಲು ಗೊತ್ತಾಗಿದ್ದು ಯಾವಾಗ? ನಿಜ ಹೇಳಿ. ವರ್ಷಗಟ್ಟಲೆ ಅಮ್ಮ, ಅತ್ತೆ, ಅಜ್ಜಿ ಅಂತ ಕರೆದುಕೊಂಡೇ ಇದ್ದು, ಒಂದು ದಿನ ಯಾವುದೋ ಸರ್ಕಾರಿ ಕಾಗದದ ದೆಸೆಯಿಂದ ಅವರಿಗೂ ಒಂದು ಹೆಸರಿದೆ ಅಂತ ಗೊತ್ತಾಗಿ ಬೆರಗಾದದ್ದು ಇದೆಯೇ? ನನಗಂತೂ ಹಾಗೇ ಆಯಿತು. ಒಂದೂವರೆ ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದ ಮೇಲೆ ನನ್ನ ಅತ್ತೆಯ ಹೆಸರು ತಿಳಿಯಿತು.

ನಾನು ಹರಿಹರದ ಪಕ್ಕದ ಗುತ್ತೂರಿನವಳು. ದಾವಣಗೆರೆಯ ಹತ್ತಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದಿದ್ದೆ. ಐವತ್ತೇಳರ ಚುನಾವಣೆಯ ಹೊತ್ತು ಅದು. ದಾವಣಗೆರೆ ಅನ್ನೋ ಹೆಸರಿನ ಲೋಕಸಭಾ ಕ್ಷೇತ್ರ ಆಗ ಇರಲೇ ಇಲ್ಲ. ದಿಲ್ಲಿಗೆ ಸದಸ್ಯರನ್ನು ಕಳಿಸುವಾಗ ನಾವೆಲ್ಲ ಚಿತ್ರದುರ್ಗದ ಲೆಕ್ಕ. ವಿಧಾನಸಭೆಗೆ ಮಾತ್ರ ತವರಿನವರದು ಹರಿಹರ, ನಮ್ಮದು ದಾವಣಗೆರೆ. ಹರಿಹರದಲ್ಲಿ ಹೊಳೆ ದಾಟಿದರೆ ಮೊನ್ನೆಮೊನ್ನೆಯವರೆಗೂ ಬೊಂಬಾಯಿ ರಾಜ್ಯ. ರಾಜ್ಯಗಳು ಒಂದಾಗಿ, ಆಚೆ ದಡದ ಬೀಗರೂ ನಮ್ಮ ರಾಜ್ಯದವರೇ ಆಗಿದ್ದರು.

ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಮಾವನವರು ಮತ್ತು ಅವರ ಗೆಳೆಯರು ಕ್ಷೇತ್ರವನ್ನೇ ಮಂಡಕ್ಕಿಯ ಹಾಗೆ ಪಾಲು ಹಾಕುತ್ತಿದ್ದರು.

"ಮಿಲ್ಲಿನೋರು ಆ ಕಡಿ. ಪ್ಯಾಟಿ ಅಂಗಡಿಯೋರು ಈ ಕಡಿ. ಬಾತಿ ಹಳ್ಳಿ ಕಡೆಯೋರು ಹಿರೇರು ಹೇಳಿದ ಕಡಿ."

"ಹೆಣ್ಮಕ್ಳು?"

"ಅವರ್ನ ಬ್ಯಾರೆ ಯಾಕ ಎಣಿಸ್ತೀರಿ? ಎತ್ತು ಹೋದ ಕಡಿ ಬಂಡಿ."

ಎಲ್ಲರೂ ನಗುತ್ತಿದ್ದರು. ಬಾಗಿಲ ಹಿಂದೆ ಚಹಾದ ಲೋಟ ಹಿಡಿದು ನಿಂತ ಅತ್ತೆ ನಗುತ್ತಿರಲಿಲ್ಲ.

ಯಾಕೆಂದರೆ ಮೊದಲ ಚುನಾವಣೆಯಲ್ಲಿ ಅತ್ತೆ ಮಡಿಸೀರೆ ಉಟ್ಟು ಓಟು ಹಾಕಲು ಹೋಗಿ ಹಾಗೇ ವಾಪಸ್ಸಾಗಿದ್ದರು. ಪಟ್ಟಿ ಬರೆದವರಿಗೆ ಮನೆಯ ಗಂಡಸರು "ನಮ್ಮ ಮನೆಯವರು" ಅಂತಷ್ಟೇ ಹೇಳಿದ್ದರು. ಹೆಸರಿಲ್ಲದ ಹೆಂಗಸನ್ನು ಪಟ್ಟಿಯಿಂದ ಹೊಡೆದುಹಾಕಿದ್ದರು. ಅದೇ ಸಂಜೆ ನಮ್ಮ ಮನೆಯ ಮುಸುರೆ ತಿಕ್ಕುವವಳು ಶಾಯಿ ಹಚ್ಚಿದ ಬೆರಳು ಎತ್ತಿ ತೋರಿಸಿ, "ಅವ್ವಾರೇ, ನಿಮ್ಮದೆಲ್ಲೈತ್ರಿ?" ಅಂದಳಂತೆ. ಐದು ವರ್ಷ ಆ ಮಾತು ಅತ್ತೆಯ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈ ಸಲ ತಪ್ಪಿದರೆ ಮತ್ತೆ ಐದು ವರ್ಷ.

ಹೊಸ ಪಟ್ಟಿ ಬರೆಯುವ ಮೇಷ್ಟ್ರು ಬಂದದ್ದು ಒಂದು ಮಧ್ಯಾಹ್ನ. ಗಂಡಸರೆಲ್ಲ ಅಂಗಡಿಯಲ್ಲಿದ್ದರು. ಮನೆಯಲ್ಲಿ ನಾವಿಬ್ಬರೇ.

"ನಿಮ್ಮ ಹೆಸರು ಹೇಳ್ರೀ ತಾಯಿ."

ಅತ್ತೆ ಹೇಳಿದರು. ಸಣ್ಣ, ಚೆಂದದ ಹೆಸರು. ಬಾಗಿಲ ಹಿಂದೆ ನಿಂತಿದ್ದ ನನಗೆ ಮೈ ಜುಮ್ಮೆಂದಿತು. ಈಯಮ್ಮನೂ ಒಂದು ಕಾಲಕ್ಕೆ ಆ ಹೆಸರಿಗೆ ಓಗೊಟ್ಟು ಓಡಿ ಬರುತ್ತಿದ್ದ ಹುಡುಗಿ!

"ಯಜಮಾನ್ರ ಹೆಸರು?"

ಅಲ್ಲಿಗೆ ನಿಂತಿತು. ಗಂಡನ ಹೆಸರು ಅತ್ತೆ ಬಾಯಲ್ಲಿ ಹೇಳುವ ಹಾಗಿಲ್ಲ. ಮಾವನ ಹೆಸರು ನಾನು ಹೇಳುವ ಹಾಗಿಲ್ಲ. ಮನೆಯಲ್ಲಿ ಎರಡು ಬಾಯಿ ಇದ್ದೂ ಒಂದು ಹೆಸರು ಹೊರಡುವಂತಿಲ್ಲ.

"ಲಗೂ ಹೇಳ್ರೀ, ಇನ್ನೂ ಅರ್ಧ ಓಣಿ ಉಳದೈತೆ."

ಅತ್ತೆಗೆ ಒಂದು ಉಪಾಯ ಹೊಳೆಯಿತು. ಪಾತ್ರೆಗಳ ಮೇಲೆ ಹೆಸರು ಕೊರೆಸುವ ಪದ್ಧತಿ ನಿಮಗೆ ಗೊತ್ತಲ್ಲ? ಒಳಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಹಿತ್ತಾಳೆ ಕೊಡವನ್ನು ತಂದು ಮೇಷ್ಟ್ರ ಮುಂದೆ ಇಟ್ಟರು. "ಅದರ ಮ್ಯಾಲೆ ಐತೆ, ಓದ್ಕೊಳ್ರಿ." ಮೇಷ್ಟ್ರು ಓದಿದರು, ಬರೆದುಕೊಂಡರು, ಹೋದರು. ಅತ್ತೆಯ ಮುಖ ಆ ಕೊಡದ ಹಾಗೇ ಹೊಳೆಯುತ್ತಿತ್ತು.

ಓಟಿನ ದಿನ ಶಾಲೆಯ ಮುಂದೆ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ ಅಂಟಿಸಿಕೊಂಡ ಮಿಲ್ಲಿನ ಹೆಂಗಸರು, ಬುರ್ಖಾದವರು, ಸಾಹುಕಾರರ ಮನೆಯವರು, ನಮ್ಮ ಮುಸುರೆಯವಳು, ಎಲ್ಲರೂ ಒಂದೇ ಸಾಲಿನಲ್ಲಿ. ಯಾರೂ ಯಾರಿಗೂ ದಾರಿ ಬಿಡಬೇಕಾಗಿಲ್ಲ. ಕಟ್ಟೆಯ ಮೇಲೆ ಮಾತಿನಲ್ಲಿ ಕೇಳಿದ್ದ ಕ್ಷೇತ್ರ ಹೀಗೆ ಕಣ್ಣೆದುರು ಕಾಲೂರಿ ನಿಂತದ್ದನ್ನು ನಾನು ಅವತ್ತೇ ನೋಡಿದ್ದು. ನನಗಿನ್ನೂ ಇಪ್ಪತ್ತೊಂದು ತುಂಬಿರಲಿಲ್ಲ, ಓಟಿರಲಿಲ್ಲ. ಜಗಲಿಯ ಕಿಟಕಿಯ ಹತ್ತಿರ ನಿಂತಿದ್ದೆ.

ಒಳಗೆ ಅಧಿಕಾರಿ ಪಟ್ಟಿ ನೋಡಿ ಅತ್ತೆಯ ಹೆಸರು ಓದಿದರು. ಆಮೇಲೆ ಗಂಡನ ಹೆಸರು ಓದಿದರು. ಅಲ್ಲಿ ಕೂತಿದ್ದ ಪಕ್ಷದ ಏಜೆಂಟರೊಬ್ಬರು ಥಟ್ಟನೆ, "ತಡೀರಿ ಸಾರ್! ಆ ಹೆಸರಿನೋರು ಕುಕ್ಕುವಾಡದಾಗ ಅದಾರೆ. ಈಯಮ್ಮನ ಅಣ್ಣ ಅವರು!" ಅಂದರು.

ಹೌದು. ಆ ಕೊಡ ಅತ್ತೆಯ ಮದುವೆಗೆ ಅಣ್ಣ ಕೊಟ್ಟ ಉಡುಗೊರೆ. ಕೊಟ್ಟವರ ಹೆಸರನ್ನೇ ಕೊರೆಸುವುದು ವಾಡಿಕೆ. ಓದು ಬಾರದ ಅತ್ತೆಗೆ ಗಂಡನ ಮನೆಯಲ್ಲಿರುವ ಪಾತ್ರೆಯೆಲ್ಲ ಗಂಡನದೇ. ಓದು ಬರುವ ನಾನು ಬಾಗಿಲ ಹಿಂದೆ ಇದ್ದೆ.

"ಇವರು ನಿಮ್ಮ ಯಜಮಾನ್ರು ಹೌದಾ, ಅಲ್ವಾ?" ಅಂದರು ಅಧಿಕಾರಿ.

ಹೌದೆಂದರೆ ಒಡಹುಟ್ಟಿದವನನ್ನು ಗಂಡ ಅಂದ ಹಾಗೆ. ಅಲ್ಲವೆಂದರೆ ಓಟು ಹೋಯಿತು.

"ಪಟ್ಟೀಲಿ ತಪ್ಪಾಗಿರಬಹುದು, ತಾಯಿ. ನಿಮ್ಮ ಯಜಮಾನ್ರ ಹೆಸರನ್ನ ನೀವೇ ಹೇಳಿ. ಈ ಏಜೆಂಟರು ಹೌದು ಅಂದ್ರೆ ಚೀಟಿ ಕೊಡ್ತೀನಿ."

"ನಾ ಹೇಳ್ತೀನಿ ತಗೋರಿ," ಅಂತ ಸಾಲಿನಿಂದ ಮುಸುರೆಯವಳು ಕೂಗಿದಳು.

"ಬೇಡಮ್ಮ, ಅವರೇ ಹೇಳ್ಬೇಕು."

ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡರು. ಕಣ್ಣು ಮುಚ್ಚಿದರು. ಹೇಳಿದರು. ಪಿಸುಮಾತಿನಲ್ಲಲ್ಲ. ಬಾವಿಗೆ ಬಿಟ್ಟ ಕೊಡ ನೀರಿಗೆ ಬಿದ್ದ ಹಾಗೆ, ಇಡೀ ಶಾಲೆಗೆ ಕೇಳುವಂತೆ.

ಪಕ್ಕದ ಗಂಡಸರ ಸಾಲಿನಿಂದ ಮಾವನವರು, "ಆಂ? ಯಾರು ಕರೆದ್ರೀ?" ಅಂದುಬಿಟ್ಟರು.

ಶಾಲೆಗೆ ಶಾಲೆಯೇ ನಕ್ಕಿತು. ಏಜೆಂಟರೆಲ್ಲ, "ಹೌದ್ರೀ ಸಾರ್, ಅವರೇ," ಅಂದರು. ಮಾವನವರು ಮಾತ್ರ ನಗಲಿಲ್ಲ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ತಮ್ಮ ಹೆಸರನ್ನು ಆ ದನಿಯಲ್ಲಿ ಅವರು ಕೇಳಿದ್ದು ಅದೇ ಮೊದಲು. ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಡಬ್ಬಿ, ಅದರ ಮೇಲೆ ಅವರವರ ಗುರುತಿನ ಚಿತ್ರ. ಚೀಟಿ ಹಿಡಿದು ಮರೆಯೊಳಗೆ ಹೋದ ಅತ್ತೆ ಬಹಳ ಹೊತ್ತು ಬರಲಿಲ್ಲ. ಆ ಮರೆಯೊಳಗೆ ಯಾರೂ ಇಣುಕುವಂತಿರಲಿಲ್ಲ, ಮಾವನವರೂ ಸಹ. ಕಡೆಗೆ ಬೆರಳು ನೋಡಿಕೊಳ್ಳುತ್ತಾ ಹೊರಬಂದರು.

ಮನೆಗೆ ಬಂದ ಮೇಲೆ ಮಾವನವರು ಮೆಲ್ಲಗೆ ಕೇಳಿದರು, "ಯಾರಿಗೆ ಹಾಕಿದಿ?"

"ನಿಮ್ಮ ಹೆಸರು ನಾಕು ಮಂದಿ ಮುಂದ ಹೇಳೀನಿ. ಸಾಲದೇನ್ರಿ? ಇದೊಂದು ನನಗಿರ್ಲಿ."

ಅವರು ಮತ್ತೆ ಕೇಳಲಿಲ್ಲ. ಕಟ್ಟೆಯ ಮೇಲೆ ಆಮೇಲೂ ಕ್ಷೇತ್ರವನ್ನು ಪಾಲು ಹಾಕಿದರು. ಆದರೆ ಬಂಡಿಯ ಮಾತು ಬಂದಾಗ ಮಾವನವರು ಬಾಗಿಲ ಕಡೆ ನೋಡಿ, "ಅದು ಗೊತ್ತಿಲ್ಲಪ್ಪ," ಅನ್ನುತ್ತಿದ್ದರು.

ಅರವತ್ತೆರಡಕ್ಕೆ ಡಬ್ಬಿ ಒಂದೇ ಆಯಿತು, ಕಾಗದದ ಮೇಲೆ ಮುದ್ರೆ ಒತ್ತುವುದು ಬಂತು. ನನಗೂ ಓಟು ಬಂತು. ಅದಕ್ಕೂ ಮುಂಚೆ ಪಟ್ಟಿಯವರು ಮನೆಗೆ ಬಂದಾಗ ಅತ್ತೆ ಬಾಯಿ ಬಿಟ್ಟು ಗಂಡನ ಹೆಸರು ಹೇಳಿದರು ಅಂದುಕೊಂಡಿರೇನು? ಇಲ್ಲ. ಒಂದು ತಂಬಿಗೆ ತಂದು ಮೊದಲು ನನ್ನ ಕೈಗೆ ಕೊಟ್ಟರು. "ನೀ ಓದಿ ನೋಡವ್ವ, ಇದು ಅವರದೇನು?"

ಅವರದೇ ಆಗಿತ್ತು.

ಆ ಕೊಡ ಈಗ ನನ್ನ ಅಡುಗೆಮನೆಯಲ್ಲಿದೆ. ನಿಮ್ಮ ಅಮ್ಮ, ಅಜ್ಜಿ ಮೊದಲ ಸಲ ಪಟ್ಟಿಗೆ ಸೇರಿದ್ದು ಹೇಗೆ? ಹೆಸರು ಹೇಳಲು ಏನೇನು ಉಪಾಯ ಮಾಡಿದರು? ಗೊತ್ತಿದ್ದರೆ ಕೆಳಗೆ ಬರೆಯಿರಿ. ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಕೇಳಿ, ಕೇಳಿದ್ದನ್ನು ನಮಗೂ ಹೇಳಿ.