ಕೆಳಮನೆಯವನ ತಾಳ

ನನ್ನ ಷಡ್ಡಕ ಗಾಜಿನ ಬಾಟಲಿ ಕಾರ್ಖಾನೆಯ ಗೇಟಿನಲ್ಲಿ ರಾತ್ರಿ ಕಾವಲುಗಾರ. ಊರೆಲ್ಲ ಹಾಸಿಗೆ ಕೊಡವುವ ಹೊತ್ತಿಗೆ ಅಂಗಿಯ ಗುಂಡಿ ಹಾಕಿಕೊಂಡು ಹೊರಡುತ್ತಿದ್ದ, ಊರೆಲ್ಲ ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಖಾಲಿ ಬಾಟಲಿ ಕದಿಯಲು ಯಾವ ಕಳ್ಳ ಬರುತ್ತಾನೆ ಎಂದು ಜನ ನಗುತ್ತಿದ್ದರು. ಅವನು ನಗುತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಇಡೀ ನೌಕರಿಯಲ್ಲಿ ಅವನ ಕೈಗೆ ಸಿಕ್ಕ ಕಳ್ಳನೆಂದರೆ ಒಂದು ಮೇಕೆ. ಅದನ್ನೂ ಬೆಳಗಾಗುವವರೆಗೆ ಹಿಡಿದಿಟ್ಟುಕೊಂಡು ಮ್ಯಾನೇಜರನ ಮುಂದೆ ನಿಲ್ಲಿಸಿದ.

ಇಂಥವನಿಗೆ ಬೇಕಾಗಿದ್ದುದು ಹಗಲು ನಿದ್ದೆಯೊಂದೇ. ಅದಕ್ಕೇ ಕಲ್ಲು ಬಿದ್ದಿತ್ತು. ಅವನ ಮನೆ ಮೊದಲನೆಯ ಮಹಡಿಯಲ್ಲಿ; ಅವನ ನೆತ್ತಿಯ ಮೇಲೆ, ಎರಡನೆಯ ಮಹಡಿಯಲ್ಲಿ, ಏಳುಬಾಯಿ ಇದ್ದ.

ಏಳುಬಾಯಿ ಅಂದರೆ ವಾದ್ಯಗಾರ, ಅಡ್ಡಹೆಸರು ಬೀದಿಯವರು ಇಟ್ಟದ್ದು. ಸ್ಯಾಕ್ಸೋಫೋನು, ಕ್ಲಾರಿನೆಟ್ಟು, ಕೊಳಲು, ತುತ್ತೂರಿ, ತೂತು ಇರುವ ಯಾವುದನ್ನು ಕೈಗೆ ಕೊಟ್ಟರೂ ಊದುತ್ತಿದ್ದ. ಒಮ್ಮೊಮ್ಮೆ ಎರಡನ್ನು ಒಟ್ಟಿಗೇ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಸಂಜೆ ದೊಡ್ಡ ಹೋಟೆಲಿನಲ್ಲಿ ಉಣ್ಣುವವರಿಗೆ ಹಿತವಾದ ಜಾಝ್ ನುಡಿಸಿ ಸಂಬಳ ತರುತ್ತಿದ್ದ. ಆ ಹಿತವನ್ನೆಲ್ಲ ಹಗಲು ಮನೆಯಲ್ಲಿ ಉಜ್ಜಿ ಉಜ್ಜಿ ತೊಳೆದುಕೊಳ್ಳುತ್ತಿದ್ದ. ಸೈಕಲ್ ಪಂಪಿಗೆ ಕ್ಲಾರಿನೆಟ್ಟು ಸಿಕ್ಕಿಸುವುದು, ನೀರು ತುಂಬಿದ ಬಕೆಟ್ಟಿನಲ್ಲಿ ತುತ್ತೂರಿಯ ಮೂತಿ ಅದ್ದಿ ಊದುವುದು, ಕಬ್ಬಿಣದ ಮಂಚದ ಸ್ಪ್ರಿಂಗು ಮೀಟುವುದು, ಇದೆಲ್ಲ ಅವನ ಪ್ರಯೋಗ. ಪ್ರಯೋಗ ಯಾರ ಮೇಲೆ ನಡೆಯುತ್ತಿತ್ತು ಅನ್ನುವುದು ಕೆಳಗೆ ಮಲಗಿದವನಿಗೆ ಗೊತ್ತು.

ಷಡ್ಡಕ ಉಂಡು, ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು, ಇನ್ನೇನು ರೆಪ್ಪೆ ಅಂಟಬೇಕು, ಮೇಲೆ ಶುರು. ಕರು ಕಳೆದುಕೊಂಡ ಎಮ್ಮೆಯಂತೆ ಒಂದು ಸ್ವರ, ಅದರ ಬೆನ್ನಿಗೇ ಆ ಎಮ್ಮೆ ಮೆಟ್ಟಿಲಿಳಿದಂತೆ ಇನ್ನೊಂದು. ಇವನು ಮಂಚದ ಮೇಲೆ ಎದ್ದು ನಿಂತು ಕಾವಲು ದೊಣ್ಣೆಯಿಂದ ಚಾವಣಿಗೆ ಬಡಿಯುತ್ತಿದ್ದ. ದಬ್. ದಬ್ ದಬ್. ದಬ್. ಗಾರೆ ಉದುರಿ ಹಾಲಿನ ಪಾತ್ರೆಗೆ ಬೀಳುತ್ತಿತ್ತು.

"ಏನ್ರೀ, ಅವರ ಸದ್ದಿಗೆ ಹಾಲು ಕೆಡಲಿಲ್ಲ, ನಿಮ್ಮ ಸದ್ದಿಗೆ ಕೆಡ್ತು," ಅನ್ನುತ್ತಿದ್ದಳು ನಾದಿನಿ, ಅಂದರೆ ಅವನ ಹೆಂಡತಿ.

"ಮನುಷ್ಯ ಮಲಗಿದಾನೆ ಅಂತ ಅವನಿಗೆ ಗೊತ್ತಾಗಬೇಡ್ವೇನೇ?"

"ನಾಕು ಮೆಟ್ಟಿಲು ಹತ್ತಿ ಬಾಯಲ್ಲಿ ಹೇಳಿ."

"ನಾನ್ಯಾಕೆ ಹತ್ತಲಿ? ಸದ್ದು ಮೇಲಿಂದ ಕೆಳಗೆ ಬಂದಿದೆ. ಅವನೇ ಇಳಿದು ಬರಲಿ."

ಹೀಗೆ ಹತ್ತದೆ, ಇಳಿಯದೆ ವರ್ಷಗಳು ಉರುಳಿದವು. ಮೆಟ್ಟಿಲಲ್ಲಿ ಎದುರಾದರೆ ಏಳುಬಾಯಿ ಟೋಪಿ ಎತ್ತಿ ನಗುತ್ತಿದ್ದ, ಷಡ್ಡಕ ಗೋಡೆಯ ಸುಣ್ಣ ಪರೀಕ್ಷಿಸುತ್ತಿದ್ದ. ನನ್ನ ಮನೆಗೆ ಬಂದಾಗಲೆಲ್ಲ ಅವನದು ಒಂದೇ ಮಾತು.

"ಅಣ್ಣ, ನನ್ನ ಬಡಿತ ಅವನಿಗೆ ಕೇಳಿಸುತ್ತೋ ಇಲ್ವೋ? ಕೇಳಿಸದೆ ಊದ್ತಿದ್ರೆ ಪಾಪ ಅನ್ನಬೇಕು. ಕೇಳಿಸಿಯೂ ಊದ್ತಿದ್ರೆ ಬದ್ಮಾಶ್ ಅನ್ನಬೇಕು. ಯಾವುದು ಅಂತ ಗೊತ್ತಿಲ್ಲದೆ ಬಯ್ಯೋದಾದ್ರೂ ಹೇಗೆ?"

ನಿದ್ದೆಗಿಂತ ಅವನನ್ನು ಹೆಚ್ಚು ಕಾಡಿದ್ದು ಇದೇ. ಬಯ್ಗುಳ ಗಂಟಲಲ್ಲಿ ಸಿದ್ಧವಾಗಿತ್ತು, ಬಿಡಲು ದಾರಿಯಿರಲಿಲ್ಲ.

ಏಳುಬಾಯಿ ಎರಡು ಗ್ರಾಮಫೋನ್ ತಟ್ಟೆ ಹೊರತಂದ. ಒಂದನ್ನೂ ಯಾರೂ ಕೊಳ್ಳಲಿಲ್ಲ. ಅಂಗಡಿಯವನು ಅವನ್ನು ಕಿಟಕಿಗೆ ಒರಗಿಸಿ ಬಿಸಿಲಿಗೆ ಮರೆ ಮಾಡಿಕೊಂಡ. ಆಮೇಲೆ ಒಂದು ದಿನ ಏಳುಬಾಯಿ ಕೊಳಲು ಒರೆಸುತ್ತ ಕೂತವನು ಹಾಗೇ ಹೋಗಿಬಿಟ್ಟ. ಷಡ್ಡಕ ಆವತ್ತು ಮೊದಲ ಸಲ ಆ ಮೆಟ್ಟಿಲು ಹತ್ತಿದ. ಹೆಣದ ಮುಖವನ್ನು ಬಗ್ಗಿ ಬಗ್ಗಿ ನೋಡಿದ, ಉತ್ತರ ಏನಾದರೂ ಉಳಿದಿದೆಯೋ ಎಂಬಂತೆ. ಇಳಿದು ಬಂದು, "ಹೇಳದೇ ಹೋದ," ಅಂದ.

ಮೇಲೆ ಸದ್ದಡಗಿತು. ಇವನ ನೌಕರಿಯೂ ಮುಗಿಯಿತು. ಈಗ ಹಗಲೂ ಇವನದೇ, ರಾತ್ರಿಯೂ ಇವನದೇ, ನಿದ್ದೆ ಮಾತ್ರ ಯಾವುದರಲ್ಲೂ ಇಲ್ಲ. ಮಂಚದ ಮೇಲೆ ಅಂಗಾತ ಬಿದ್ದು ಬಿರುಕು ಬಿಟ್ಟ ಚಾವಣಿಯನ್ನು ದಿಟ್ಟಿಸುತ್ತಿದ್ದ. ಕೇಳಿಸ್ತಿತ್ತೋ ಇಲ್ವೋ?

ಹೀಗಿರುವಾಗ, ನಾನೂ ಅಲ್ಲಿದ್ದ ಒಂದು ದಿನ, ಮೇಲ್ಮನೆಯಮ್ಮ, ಏಳುಬಾಯಿಯ ಹೆಂಡತಿ, ಒಬ್ಬಳು ಹುಡುಗಿಯನ್ನು ಕರೆದುಕೊಂಡು ಕೆಳಗಿಳಿದು ಬಂದರು. ಹುಡುಗಿ ದೂರದ ಊರಿನ ರೆಕಾರ್ಡ್ ಕಂಪನಿಯವಳು. ಕಿಟಕಿಗೆ ಒರಗಿದ್ದ ತಟ್ಟೆಗಳಲ್ಲಿ ಒಂದು ಯಾರ ಯಾರ ಕೈ ದಾಟಿಯೋ ಆ ಕಂಪನಿಗೆ ಸಿಕ್ಕಿತ್ತಂತೆ. ಹಳೆಯ ಎರಡು ತಟ್ಟೆ, ಮನೆಯಲ್ಲುಳಿದ ಟೇಪುಗಳು, ಎಲ್ಲ ಸೇರಿಸಿ ಒಂದೇ ಪೆಟ್ಟಿಗೆಯಾಗಿ ಮತ್ತೆ ಹೊರತರುತ್ತಿದ್ದರು. ಜಾಝ್ ಬಲ್ಲವರೆಲ್ಲ ಬಾಯಿ ಚಪ್ಪರಿಸುತ್ತಿದ್ದರಂತೆ, ಅದೂ ವಿಶೇಷವಾಗಿ ಅದರ ತಾಳಕ್ಕೆ.

"ಸರ್, ಆ ತಾಳವಾದ್ಯದವರು ನೀವೇ ಅಂತ ಅಮ್ಮ ಹೇಳಿದ್ರು," ಅಂದಳು ಹುಡುಗಿ, ಕೈ ಮುಗಿದು.

ಆದದ್ದು ಇಷ್ಟೆ. ಏಳುಬಾಯಿ ಆ ತಟ್ಟೆಗಳಿಗೂ ಮನೆಯಲ್ಲೇ ನುಡಿಸಿ ಮುದ್ರಿಸಿಕೊಂಡಿದ್ದ, ಟೇಪ್ ರೆಕಾರ್ಡರನ್ನು ನೆಲದ ಮೇಲೆ ಇಡುತ್ತಿದ್ದ. ಹಾಗಾಗಿ ಅವನ ಅಷ್ಟೂ ವಾದ್ಯಗಳಿಗಿಂತ ನನ್ನ ಷಡ್ಡಕನ ದೊಣ್ಣೆಯೇ ಗಟ್ಟಿಯಾಗಿ ಮುದ್ರಣವಾಗಿತ್ತು. ಇದು ಟೊಳ್ಳು ಮರದ ಪುರಾತನ ವಾದ್ಯ ಎಂದು ಒಬ್ಬ ಪಂಡಿತ ಬರೆದಿದ್ದನಂತೆ. ನುಡಿಸುವವನು ಒಡಲಲ್ಲಿ ಮಹಾ ಸಂಕಟ ಇಟ್ಟುಕೊಂಡವನು ಎಂದು ಇನ್ನೊಬ್ಬ ಬರೆದಿದ್ದನಂತೆ. ಎರಡನೆಯವನು ವಿಷಯ ತಿಳಿದವನು.

"ನಿಮ್ಮ ಒಪ್ಪಿಗೆ ಬೇಕು ಸರ್. ನಿಮ್ಮನ್ನ ಕಲಾವಿದರು ಅಂತ ಹಾಕ್ತೀವಿ."

"ಕಲೆ ಅಲ್ಲ ತಾಯಿ, ಅದು ದೂರು," ಅಂದ ಷಡ್ಡಕ. "ದೂರು ಅಂತ ಹಾಕಿ. ಕೆಳಮನೆಯವನು ನಿದ್ದೆಗೋಸ್ಕರ ಕೊಟ್ಟ ದೂರು ಅಂತ."

"ದೂರು ಅಂದ್ರೆ ನಮ್ಮ ಯಜಮಾನರು ಒಪ್ಪಲ್ಲ ಸರ್. ಕೊಳ್ಳೋರು ಏನಂದುಕೊಳ್ತಾರೆ?"

"ಹಾಗಾದ್ರೆ ನನ್ನ ಬಡಿತ ತೆಗೆದುಬಿಡಿ. ಮಾಲು ನಂದು."

"ಏನ್ರೀ ಇದು, ಮಾವಿನಕಾಯಿ ಬುಟ್ಟಿಯೇನ್ರೀ ಮಾಲು ಅನ್ನೋಕೆ," ಎಂದು ನಾದಿನಿ ತಲೆ ಚಚ್ಚಿಕೊಂಡಳು. "ಭಾವ, ನೀವಾದ್ರೂ ಹೇಳಿ." ಹಕ್ಕಿನ ಮಾತಿನಲ್ಲಿ ಕಾವಲುಗಾರನ ಎದುರು ನಿಲ್ಲುವುದು ನನ್ನಿಂದಾಗದ ಕೆಲಸ.

ಹುಡುಗಿ ಹೋದಳು. ಕೆಲವು ವಾರ ಬಿಟ್ಟು ಜೋಲು ಮೋರೆ ಹಾಕಿಕೊಂಡು ಮತ್ತೆ ಬಂದಳು. ಯಂತ್ರದಿಂದ ಬಡಿತಗಳನ್ನೆಲ್ಲ ಹೆಕ್ಕಿ ತೆಗೆದರಂತೆ. ತೆಗೆದರೆ ಉಳಿದದ್ದು ಒಬ್ಬ ಮನುಷ್ಯ ಸುಮ್ಮಸುಮ್ಮನೆ ನಿಲ್ಲಿಸುತ್ತ, ಯಾರನ್ನೋ ಕಾಯುತ್ತ, ಮತ್ತೆ ಊದುತ್ತ ಇರುವ ಸದ್ದು. ಯಾಕೆ ನಿಲ್ಲಿಸುತ್ತಾನೆ ಅನ್ನುವುದೇ ತಿಳಿಯದೆ ಯಜಮಾನರಿಗೆ ತಲೆ ಚಿಟ್ಟು ಹಿಡಿಯಿತಂತೆ.

"ಇನ್ನೊಂದು ಟೇಪು ಸಿಕ್ಕಿದೆ ಸರ್. ನೀವು ಕೇಳಲೇಬೇಕು," ಎಂದು ಹುಡುಗಿ ಕೈಲಿದ್ದ ಸಣ್ಣ ಟೇಪ್ ಯಂತ್ರದ ಗುಂಡಿ ಒತ್ತಿದಳು.

ಕ್ಲಾರಿನೆಟ್ಟು ಒಂದಿಷ್ಟು ನುಡಿಯಿತು, ನಿಂತಿತು. ಮತ್ತೊಂದಿಷ್ಟು ನುಡಿಯಿತು, ಮತ್ತೆ ನಿಂತಿತು. ಆಮೇಲೆ ಏಳುಬಾಯಿಯ ದನಿ: "ಕೆಳಗಿನವರು ಯಾಕೋ ಬಡೀತಿಲ್ಲ. ಹುಷಾರಿಲ್ವೋ ಏನೋ. ಇವತ್ತು ಬೇಡ ಬಿಡು." ಟಕ್ ಎಂದು ಯಂತ್ರ ಆರಿಸಿದ ಸದ್ದು.

ಮೇಲ್ಮನೆಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾದಿನಿ ಮೂಗೆಳೆದಳು. ಷಡ್ಡಕ ಮಾತ್ರ ಕುರ್ಚಿಯಿಂದ ಚಂಗನೆ ನೆಗೆದ.

"ಕೇಳಿಸ್ತಿತ್ತು! ಕೇಳಿದ್ರಾ ಎಲ್ಲರೂ? ಕೇಳಿಸ್ತಿತ್ತು ಅವನಿಗೆ!"

"ಕೇಳಿಸ್ತಿತ್ತಪ್ಪಾ," ಅಂದರು ಮೇಲ್ಮನೆಯಮ್ಮ. "ನೀವು ಬಡಿಯೋ ತನಕ ಮುಂದಕ್ಕೇ ಹೋಗ್ತಿರಲಿಲ್ಲ. ಊಟಕ್ಕೆ ಕರೆದ್ರೆ, ಇರು, ಕೆಳಗಿನವರು ಬರಲಿ ಅನ್ನೋರು."

"ಬದ್ಮಾಶ್!" ಅಂದ ಷಡ್ಡಕ. ಮುಖ ಹೊಸ ತಾಮ್ರದ ತಂಬಿಗೆಯ ಹಾಗೆ ಹೊಳೆಯುತ್ತಿತ್ತು. "ಬದ್ಮಾಶ್ ನನ್ಮಗ! ಕೇಳಿಸ್ಕೊಂಡೂ ಊದ್ತಿದ್ದ! ನನ್ನ ಕಣ್ಣಿನ ನಿದ್ದೆ ಹಿಂಡಿ ಅದರಲ್ಲಿ ಪಾಯಸ ಮಾಡ್ಕೊಂಡು ಕುಡಿದ!"

ಅಷ್ಟು ವರ್ಷ ಗಂಟಲಲ್ಲಿ ಸಿಕ್ಕಿದ್ದದ್ದು ಒಮ್ಮೆಗೇ ಬಿಚ್ಚಿಕೊಂಡಿತು. ತುತ್ತೂರಿಗೊಂದು ಬಯ್ಗುಳ, ಬಕೆಟ್ಟಿಗೊಂದು, ಸ್ಪ್ರಿಂಗಿಗೊಂದು. ಟೋಪಿ ಎತ್ತಿ ನಗುತ್ತಿದ್ದುದಕ್ಕೆ ಬೇರೆಯೇ ಒಂದು, ಅದನ್ನು ಬರೆಯುವಂತಿಲ್ಲ. ನಾದಿನಿ ನಾಚಿಕೆಯಿಂದ, "ಅಕ್ಕ, ಬೇಜಾರು ಮಾಡ್ಕೋಬೇಡಿ," ಅಂದರೆ ಮೇಲ್ಮನೆಯಮ್ಮ ಕೈ ಅಡ್ಡ ಹಿಡಿದರು.

"ಬೈಲಿ ತಂಗಿ, ಬೈಲಿ. ನಂಗೂ ಒಂದಷ್ಟು ಬೈಯೋದಿತ್ತು, ಹೊಳೀತಿರಲಿಲ್ಲ. ಆ ಬಕೆಟ್ಟಿಂದು ಇನ್ನೊಂದ್ಸಲ ಹೇಳಿ ಅಪ್ಪಾ."

ಕಂಪನಿ ಕೊನೆಗೆ ಸೋತಿತು. ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಅವನು ಹೇಳಿದಂತೆಯೇ ಅಚ್ಚಾಯಿತು: ದೂರು, ಕೆಳಮನೆಯವರದು. ಅದಕ್ಕೆ ಬದಲಾಗಿ ಬಿಡುಗಡೆಯ ದಿನ ಸಭಾಂಗಣದಲ್ಲಿ ಎಲ್ಲರೆದುರು ಬಡಿಯಬೇಕೆಂದು ಹುಡುಗಿ ಕೇಳಿಕೊಂಡಳು. "ಅದಕ್ಕೇನಂತೆ, ಈಗ ಯಾರಿಗೆ ಬಡೀತಿದೀನಿ ಅಂತ ಗೊತ್ತಲ್ಲ," ಅಂದ.

ಆ ಸಭಾಂಗಣದ ಚಾವಣಿ ಮೂರಾಳು ಎತ್ತರ. ದೊಣ್ಣೆ ಎಟುಕದು. ಅದಕ್ಕೆ ವೇದಿಕೆಯ ಮೇಲೆ ಬಡಗಿಯರಿಂದ ನಾಲ್ಕು ಕಂಬ ನಿಲ್ಲಿಸಿ, ಹಲಗೆ ಹೊದಿಸಿ, ಒಂದು ತಗ್ಗು ಚಾವಣಿ ಮಾಡಿಸಿದ್ದರು. ಅದರ ಕೆಳಗೊಂದು ಮಂಚ. ಬಡಗಿ ಬಂದು, "ಅಜ್ಜಾರೆ, ಗಾರೆ ಉದುರೋದೂ ಬೇಕಾ?" ಎಂದು ಕೇಳಿದ. ಬಿಡುಗಡೆ ಇದ್ದದ್ದು ಬೆಳಗಿನ ಹೊತ್ತು. ಕುರ್ಚಿಗಳೆಲ್ಲ ತುಂಬಿದ್ದವು; ಗಡ್ಡದವರು, ಕನ್ನಡಕದವರು, ಕಣ್ಣು ಮುಚ್ಚಿಕೊಂಡೇ ಬಂದು ಕೂತಂಥವರು. ಷಡ್ಡಕ ಹಳೆಯ ಸಮವಸ್ತ್ರ ತೊಟ್ಟು, ದೊಣ್ಣೆ ಪಕ್ಕಕ್ಕಿಟ್ಟುಕೊಂಡು, ಮಂಚದ ಮೇಲೆ ಮಲಗಿದ. ಬಡಿತ ಹೆಕ್ಕಿ ತೆಗೆದ ಟೇಪು ತಿರುಗಿತು. ಎಮ್ಮೆ ಕರುವನ್ನು ಹುಡುಕತೊಡಗಿತು.

ಮೊದಲ ಬಡಿತದ ಜಾಗ ಬಂತು. ಕ್ಲಾರಿನೆಟ್ಟು ನಿಂತು ಕಾಯಿತು.

ಏನೂ ಇಲ್ಲ.

ಎರಡನೆಯ ಜಾಗವೂ ಬಂದು ಹೋಯಿತು. ಹುಡುಗಿ ಪರದೆಯ ಮರೆಯಿಂದ ಕೈ ಬೀಸಿದಳು. ನಾದಿನಿ ಮುಂದಿನ ಸಾಲಿನಿಂದ ಬಗ್ಗಿ ನೋಡಿ ನನ್ನ ಪಕ್ಕೆ ತಿವಿದಳು. "ಭಾವ, ಇವರು ಮಲಗಿಬಿಟ್ರು."

ನಿಜಕ್ಕೂ ಮಲಗಿದ್ದ. ಬಾಯಿ ತೆರೆದುಕೊಂಡು, ಕೈಕಾಲು ಚೆಲ್ಲಿಕೊಂಡು, ಮೇಲೆ ಸ್ಪ್ರಿಂಗು ಬಕೆಟ್ಟು ಎಲ್ಲ ಬೊಬ್ಬಿಡುತ್ತಿರುವಾಗ, ಎಳೆಗೂಸಿನ ಹಾಗೆ. ನೋಡನೋಡುತ್ತ ಗೊರಕೆ ಶುರುವಾಯಿತು.

ಹುಡುಗಿ ಎಬ್ಬಿಸಲು ಹೊರಟಳು. ಪರದೆಯ ಮರೆಯಲ್ಲೇ ಕೂತಿದ್ದ ಮೇಲ್ಮನೆಯಮ್ಮ ಅವಳ ತೋಳು ಹಿಡಿದರು.

"ಬೇಡಮ್ಮ. ಸದ್ದು ಸಣ್ಣ ಮಾಡು."

"ಅಮ್ಮ, ಜನ ಇದನ್ನ ಕೇಳೋಕೇ ಬಂದಿರೋದು..."

"ಅವರು ಇನ್ನೊಂದು ದಿನ ಬರ್ತಾರೆ. ಸಣ್ಣ ಮಾಡು. ಇನ್ನೂ. ಇನ್ನೂ ಸಣ್ಣ."

ಏಳುಬಾಯಿ ಇರುವೆಯ ಗಾತ್ರಕ್ಕೆ ಇಳಿದ, ಆಮೇಲೆ ಇಲ್ಲವೇ ಆದ. ಸಭೆ ಗೊರಕೆ ಕೇಳುತ್ತ ಕೂತಿತು. ಒಬ್ಬನಿಗೆ ಕೆಮ್ಮು ಬಂತು. ಸುತ್ತಲಿನವರು ಕಣ್ಣು ಕೆಕ್ಕರಿಸಿದ್ದರಿಂದ ಅದನ್ನು ಅರ್ಧಕ್ಕೇ ನುಂಗಿದ. ಕಾರ್ಯಕ್ರಮದ ಹೊತ್ತು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು.

ಷಡ್ಡಕ ಎದ್ದದ್ದು ಬಡಗಿಯರು ಚಾವಣಿ ಬಿಚ್ಚಲು ಬಂದಾಗ. ಹುಡುಗಿ ಹಿಂಜರಿಯುತ್ತ ಹತ್ತಿರ ಬಂದಳು. ಯಂತ್ರಗಳೆಲ್ಲ ಓಡುತ್ತಲೇ ಇದ್ದವಂತೆ, ಗೊರಕೆ ಪೂರ್ತಿ ಮುದ್ರಣವಾಗಿದೆಯಂತೆ, ಯಜಮಾನರು ಮುಂದಿನ ಸಲ ಅದನ್ನೂ ಪೆಟ್ಟಿಗೆಗೆ ಸೇರಿಸಬೇಕು ಅನ್ನುತ್ತಿದ್ದಾರಂತೆ.

"ಇದಕ್ಕೂ ನಿಮ್ಮ ಒಪ್ಪಿಗೆ ಬೇಕು ಸರ್. ಇದನ್ನ ಏನಂತ ಹಾಕೋಣ?"

ಷಡ್ಡಕ ಆಕಳಿಸಿ, ಮೈ ಮುರಿದು, ಯೋಚಿಸಿ ಹೇಳಿದ. "ಏನಾದ್ರೂ ಹಾಕ್ಕೊಳ್ಳಿ ತಾಯಿ. ಅದರಲ್ಲಿ ನಂದೇನೂ ದೂರಿಲ್ಲ."