ಎತೆಲ್ವಿನಾ ಕೊಟ್ಟ ಕರ್ಚೀಫು

ನಮ್ಮೂರ ಮೀನುಪೇಟೆಯಲ್ಲಿ ಎತೆಲ್ವಿನಾಳ ಬಾಯಿಗೆ ಹೆದರದವರಿಲ್ಲ. ಬೂತಾಯಿಯನ್ನು ಹಿಚುಕಿ ಹಿಚುಕಿ ನೋಡುವ ಗಿರಾಕಿಗೆ, "ಹುರಿಯೋಕೆ ಬೇಕೋ, ಮದುವೆ ಆಗೋಕೋ?" ಎಂದು ಕೇಳುವ ಹೆಂಗಸು. ಗಂಡ ತೀರಿಕೊಂಡ ಮೇಲೆ, ವರ್ಷವಿಡೀ ದುಡ್ಡು ಕಟ್ಟಿ ಕ್ರೀಡಾಂಗಣದಲ್ಲಿ ಕಾದಿರಿಸಿದ್ದ ಅವನ ಕುರ್ಚಿ ಅವಳ ಪಾಲಿಗೆ ಬಂತು. ಸ್ಪೇನಿನ ಅಸ್ತೂರಿಯಾಸ್‌ನ ಈ ಕಡಲತೀರದಲ್ಲಿ ಅದೂ ಒಂದು ಆಸ್ತಿಯೇ. ಭಾನುವಾರ ಅವಳ ಬಾಯಿ ಫುಟ್ಬಾಲಿಗೆ ಮೀಸಲು. ಹಿಂದಿನ ಸಾಲಿನಲ್ಲಿ ಕೂರುವ ನಾನು ಟಿಕೆಟ್ಟಿನ ಅರ್ಧ ದುಡ್ಡು ಅವಳ ಬೈಗುಳಕ್ಕೇ ಕೊಡುತ್ತಿದ್ದೆ ಅನ್ನಿ.

ಆ ದಿನ ದಕ್ಷಿಣದ ತಂಡದೊಂದಿಗೆ ಲೀಗ್ ಪಂದ್ಯ. ಸೋತರೆ ನಾವು ಕೆಳಗಿನ ದರ್ಜೆಗೆ ಜಾರುವ ಅಂಚಿಗೆ ಬರುತ್ತಿದ್ದೆವು. ಅಂಥದ್ದರಲ್ಲಿ ತರಬೇತುದಾರ ಎಡಬದಿಯ ರಕ್ಷಣೆಗೆ ಇಯಾನ್ ಎಂಬ ಹೊಸಬನನ್ನು ಇಳಿಸಿದ್ದ. ಎತೆಲ್ವಿನಾಳ ಪಕ್ಕದ ಕುರ್ಚಿಯವನು ಅಂದಿನ ಮಟ್ಟಿಗೆ ತನ್ನ ಪ್ರವೇಶ ಕಾರ್ಡನ್ನು ಯಾರಿಗೋ ಕೊಟ್ಟಿದ್ದ. ಆ ಕುರ್ಚಿಯಲ್ಲಿ ಒಳ್ಳೆಯ ಕೋಟು ತೊಟ್ಟು ಬಂದಿದ್ದ ಹೆಂಗಸೊಬ್ಬಳು ಕೂತಿದ್ದಳು. ಗಣಿ ಊರುಗಳ ಕಡೆಯವಳು, ಹೆಸರು ಒಲಿವಾ ಎಂದಳು. ಅಷ್ಟೇ ಹೇಳಿದಳು.

ಎದುರಾಳಿಯೊಬ್ಬ ಇಯಾನ್‌ನನ್ನು ದಾಟಿಕೊಂಡು ಹೋಗಿ ಮೊದಲ ಗೋಲು ಹೊಡೆದ.

"ಇವನಿಗೆ ಕಾಲು ಬಾಡಿಗೆಗೆ ತಂದುಕೊಟ್ಟವರು ಯಾರ್ರೋ?" ಎಂದು ಎತೆಲ್ವಿನಾ ಕೂಗಿದಳು. ಸುತ್ತ ನಾಲ್ಕು ಸಾಲು ನಕ್ಕಿತು. ನಾನೂ ನಕ್ಕೆ.

ವಿರಾಮದಲ್ಲಿ ಎತೆಲ್ವಿನಾ ಆಲೂಗಡ್ಡೆ ಆಮ್ಲೆಟ್ ತುಂಬಿದ ಬ್ರೆಡ್ಡನ್ನು ಮುರಿದು ಅರ್ಧ ಒಲಿವಾಳ ಕೈಗಿಟ್ಟಳು. "ತಿನ್ನಮ್ಮ, ಮುಖ ಯಾಕೆ ಬಾಡಿಹೋಗಿದೆ? ಆ ದಂಡಪಿಂಡ ಆಡೋದು ನೋಡಿ ನನಗೂ ಹೊಟ್ಟೆ ಉರೀತಿದೆ. ಅವರಮ್ಮ ಅವನನ್ನ ಮನೇಲೇ ಇಟ್ಕೋಬಾರದಿತ್ತಾ?"

"ಮೊದಲನೇ ಆಟ ಅಲ್ವಾ," ಎಂದಳು ಒಲಿವಾ ಮೆಲ್ಲಗೆ.

"ಕೊನೇದೂ ಇದೇ ಆಗಲಿ ಬಿಡು."

ಒಲಿವಾ ಬ್ರೆಡ್ಡನ್ನು ಕೈಯಲ್ಲೇ ಹಿಡಿದುಕೊಂಡು ಕೂತಳು.

ಎರಡನೆಯ ಗೋಲೂ ಅವನ ಕಡೆಯಿಂದಲೇ ಬಂತು. ಶಿಳ್ಳೆ ಎದ್ದಿತು, ಆಮೇಲೆ ಬಿಳಿ ಕರವಸ್ತ್ರಗಳು ಹೊರಬಂದವು. ನಮ್ಮಲ್ಲಿ ಛೀಮಾರಿ ಹಾಕುವುದು ಹಾಗೆ. ಎತೆಲ್ವಿನಾ ಎದ್ದು ನಿಂತು ಬೀಸತೊಡಗಿದಳು. ಪಕ್ಕದಲ್ಲಿ ಕೈಕಟ್ಟಿ ಕೂತವಳನ್ನು ಕಂಡು ಸಹಿಸಲಾಗಲಿಲ್ಲ.

"ಏಳಮ್ಮ, ಅವನನ್ನ ಹೊರಗೆ ಕರೆಸೋವರೆಗೂ ಬಿಡಬಾರದು. ಇಲ್ವಾ ನಿನ್ನ ಹತ್ರ? ಇಕೋ, ನನ್ನದೇ ಇನ್ನೊಂದಿದೆ. ನೀನೇನು ಆ ಊರಿನವರ ಕಡೆಯವಳಾ?"

ಮುಂದಿನ ಸಾಲಿನವರು ತಿರುಗಿ ಒಲಿವಾಳನ್ನೇ ನೋಡಿದರು. ನಾನೂ ನೋಡಿದೆ, ಏನು ಬೀಸುವುದಿಲ್ಲವೇ ಎಂಬಂತೆ. ಅವಳು ಎದ್ದಳು. ಕೈ ಎತ್ತಿದಳು. ಬೀಸಿದಳು.

ಅಷ್ಟರಲ್ಲಿ ಇಯಾನ್‌ನನ್ನು ಹೊರಗೆ ಕರೆದರು. ತಲೆ ತಗ್ಗಿಸಿಕೊಂಡು ಬಂದವನು ಗೆರೆಯ ಬಳಿ ನಿಂತು, ಗೊತ್ತಿದ್ದ ಜಾಗವನ್ನೇ ಹುಡುಕುವಂತೆ ನೇರ ನಮ್ಮ ಸಾಲಿನತ್ತ ಕಣ್ಣೆತ್ತಿದ. ಅಲ್ಲಿ ಕಂಡ ಒಬ್ಬಳಿಗೆ ಕೈ ಎತ್ತಲು ಹೋಗಿ ಅರ್ಧಕ್ಕೇ ನಿಲ್ಲಿಸಿದ. ಕರವಸ್ತ್ರ ಹಿಡಿದ ಒಲಿವಾಳ ಕೈ ಇನ್ನೂ ಮೇಲೇ ಇತ್ತು.

"ನನ್ನ ಮಗ," ಎಂದಳು, ಯಾರಿಗೂ ಅಲ್ಲ ಎಂಬಂತೆ.

ಎತೆಲ್ವಿನಾ ಕುಸಿದು ಕೂತಳು. ಅವಳ ಮುಖಕ್ಕೆ ರಕ್ತ ನುಗ್ಗಿದ್ದನ್ನು ನಾನು ಅದೇ ಮೊದಲು ಕಂಡದ್ದು. ನನ್ನ ಕಿವಿಯೂ ಸುಡುತ್ತಿತ್ತು.

ಆಟ ಮುಗಿದ ಮೇಲೆ ಹೊರಗೆ ಮೆಟ್ಟಿಲ ಬುಡದಲ್ಲಿ ಎತೆಲ್ವಿನಾ ಒಲಿವಾಳ ತೋಳು ಹಿಡಿದುಕೊಂಡಳು. "ತಪ್ಪಾಯ್ತು ತಾಯಿ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಬಲವಂತ ಮಾಡಿ ಕೈಗೆ ತುರುಕಿದ್ದು ನಾನೇ ಅಂತ ಅವನಿಗೆ ಹೇಳು. ಬೇಕಾದ್ರೆ ನಾನೇ ಬಂದು ಹೇಳ್ತೀನಿ."

ಒಲಿವಾ ಕರವಸ್ತ್ರವನ್ನು ನಾಲ್ಕು ಮಡಿಕೆ ಮಡಿಸಿ ಅವಳಿಗೆ ಹಿಂದಿರುಗಿಸಿದಳು.

"ಕೊಟ್ಟಿದ್ದು ನೀವು," ಎಂದಳು. "ಬೀಸಿದ್ದು ನಾನು."

ಆಟಗಾರರ ಮನೆಯವರು ಕಾಯುವ ಬಾಗಿಲು ಬಲಕ್ಕಿತ್ತು. ಅವಳು ಎಡಕ್ಕೆ ತಿರುಗಿ ಬಸ್ ನಿಲ್ದಾಣದ ಕಡೆ ನಡೆದಳು.