ತೋಳು ಸವರುತ್ತಿದ್ದ ಟೀಚರು

ನಾನು ಕುಂದಾಪುರದ ಕಾಲೇಜಿನಲ್ಲಿ ಕುಸ್ತಿ ಆಡುತ್ತಿದ್ದಾಗ ಹುಡುಗಿಯರ ಪಂದ್ಯಗಳಿಗೆ ಒಬ್ಬರೇ ರೆಫ್ರಿ, ನಮ್ಮ ಆಟದ ಟೀಚರು. ಪಂದ್ಯಕ್ಕೆ ಮುಂಚೆ ಉಗುರು ನೋಡಿ, ತೋಳು ಸವರಿ, "ಎಣ್ಣಿ ಹಚ್ಚಿದ್ಯಾ ಹೆಣೆ?" ಎಂದು ಪ್ರತಿ ಹುಡುಗಿಯನ್ನೂ ಕೇಳುವರು. ಎಣ್ಣೆ ಹಚ್ಚಿದ ಮೈಗೆ ಪಟ್ಟು ನಿಲ್ಲದು, ಹಾಗಾಗಿ ಆಡಲು ಬಿಡುವಂತಿಲ್ಲ.

ಬೈಂದೂರಿನ ಫೈನಲಿನಲ್ಲಿ ನನ್ನ ಎದುರಾಳಿ ಅವರ ಮಗಳು. ಅವಳ ತೋಳಿನ ಮೇಲೆ ಟೀಚರ ಕೈ ಗಕ್ಕನೆ ನಿಂತಿತು.

"ಸೋಪ್ ಹಾಕಿ ತೊಳ್ಕಂಡ್ ಬಾ. ಐದೇ ನಿಮಿಷ."

ಅವಳು ಓಡಿಹೋಗಿ ನೀರಿಳಿಸುತ್ತಾ ಬಂದಳು. ಟೀಚರು ಮತ್ತೆ ಸವರಿದರು.

"ಇನ್ನೂ ಜಾರತ್ತ್."

"ಮತ್ತೊಂದ್ ಸಲ ತೊಳ್ಕಂಡ್ ಬತ್ತೆ, ಅಮ್ಮ!"

"ಹೊತ್ತಾಯ್ತ್, ಮಗಾ."

ಗೆದ್ದವಳೆಂದು ನನ್ನ ಕೈ ಎತ್ತಿದರು. ಅವರ ಅಂಗೈಯ ಎಣ್ಣೆಗೆ ನನ್ನ ಮಣಿಕಟ್ಟು ಜಾರಿತು. ಮತ್ತೆ ಗಟ್ಟಿಯಾಗಿ ಹಿಡಿದರು, ನೋಯುವಷ್ಟು.